ಕಳೆದುಕೊಂಡವರ ಹೆಸರು

ನಮ್ಮೂರಿನಲ್ಲಿ ಕಳವಿನ ದೂರು ಕೊಡಲು ಕಳೆದುಕೊಂಡವರು ಬರುವುದಿಲ್ಲ. ಅವರಿಗೆ ಹೋಗಿದ್ದೇ ಗೊತ್ತಿರುವುದಿಲ್ಲ. ಹೆಂಡತಿಯೋ ಅಳಿಯನೋ ಬಂದು, 'ಸಾರ್, ನಮ್ಮೋರದ್ದು ಒಂದು ಹೋಗಿದೆ, ಜಗಲಿ ಮೇಲೆ ನೋಡ್ದೆ' ಅನ್ನುತ್ತಾರೆ. ನಾನು ಕೂರಿಸಿ ಅರ್ಜಿ ಕೊಡುತ್ತೇನೆ. ಹನ್ನೊಂದು ವರ್ಷದಿಂದ ಇದೇ ನನ್ನ ಕೆಲಸ. ಹೆಸರು ಗುರುಸಿದ್ಧಪ್ಪ, ಹುದ್ದೆ ದೂರು ಅಧಿಕಾರಿ. ಆಫೀಸಿನಲ್ಲಿ ನಾನೊಬ್ಬ, ಕಂಪ್ಯೂಟರ್ ನೋಡಿಕೊಳ್ಳುವ ಮೆಹರುನ್ನೀಸಾ ಒಬ್ಬಳು. ಅಧಿಕಾರಿ ಅನ್ನಿಸಿಕೊಳ್ಳಲು ಇಷ್ಟು ಸಾಕು.

ಜಗಲಿ ಅಂದರೆ ಊರಿನ ವೆಬ್‌ಸೈಟು. ಯಾರು ಬೇಕಾದರೂ ಏನು ಬೇಕಾದರೂ ಹಾಕಬಹುದು. ಹಾಡು, ಅಡುಗೆ, ನಗೆಹನಿ, ಹೊಲಿಗೆಯ ನಮೂನೆ, ನೆಂಟರ ಮದುವೆಯಲ್ಲಿ ಮಾಡಿದ ಭಾಷಣ. ತಮ್ಮದನ್ನು ಹಾಕಿದರೆ ಏನೂ ತೊಂದರೆಯಿಲ್ಲ. ಬೇರೆಯವರದನ್ನು ಹಾಕಿದರೆ, ಅದು ಯಾರದೋ ಅವರ ತಲೆಯಿಂದ ಆ ಗಳಿಗೆಗೇ ಹೋಗುತ್ತದೆ. ಆಮೇಲೆ ಎಷ್ಟು ಹೇಳಿಕೊಟ್ಟರೂ ನಿಲ್ಲುವುದಿಲ್ಲ. ಹಾಗಿದ್ದರೆ ಜಗಲಿಯನ್ನೇ ಯಾಕೆ ಮುಚ್ಚಬಾರದು ಅಂತ ಹೊರಗಿನವರು ಕೇಳುತ್ತಾರೆ. ನಮ್ಮಲ್ಲೂ ಒಬ್ಬರು ಹಾಗಂತ ಅರ್ಜಿ ಬರೆದಿದ್ದರಂತೆ. ಅರ್ಜಿ ತುಂಬಾ ಚೆನ್ನಾಗಿದೆ ಅಂತ ಇನ್ಯಾರೋ ಅದನ್ನು ಜಗಲಿಗೆ ಹಾಕಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಊರಿನ ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಪ್ರತಿಯೊಬ್ಬರಿಗೂ ಒಬ್ಬ ನೆನಪುದಾರ ಇರುತ್ತಾನೆ. ಮದುವೆಯಾದ ವಾರದೊಳಗೆ ಗಂಡ ಹೆಂಡತಿ ಇಬ್ಬರೂ ನಮ್ಮ ಆಫೀಸಿಗೆ ಬಂದು, ಒಬ್ಬರಿಗೊಬ್ಬರು ನೆನಪುದಾರರು ಅಂತ ರುಜು ಹಾಕಿ ಹೋಗುತ್ತಾರೆ. ಇವರದು ಏನಾದರೂ ಹೋದರೆ ಅವರು ಬಂದು ಹೇಳಬೇಕು. ಅರಿಶಿನ ಇನ್ನೂ ಮೈಮೇಲಿರುವಾಗಲೇ ಬಂದು ರುಜು ಹಾಕುವವರೂ ಉಂಟು. ಹದಿನೇಳು ವರ್ಷದ ಹಿಂದೆ ನಾನೂ ಸುವರ್ಣಳೂ ಹಾಗೇ ಹಾಕಿದ್ದೆವು. ಆಗ ಈ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು.

ದೂರು ಬಂದರೆ ವಿಚಾರಣೆ ಸುಲಭ. ಜಗಲಿಗೆ ಹಾಕಿದ್ದನ್ನು ಕಳೆದುಕೊಂಡವರ ಮುಂದೆ ಮೂರು ಸಲ ಗಟ್ಟಿಯಾಗಿ ಓದಬೇಕು. ಆಮೇಲೆ, 'ಈಗ ನೀವು ಹೇಳಿ' ಅನ್ನಬೇಕು. ಹೇಳಿಬಿಟ್ಟರೆ ಅದು ಅವರದಲ್ಲ, ದೂರು ವಜಾ. ಹೇಳಲು ಬಾರದೆ ತಡಬಡಾಯಿಸಿದರೆ ಅವರದೇ. ಹೋದ ವರ್ಷ ಕ್ಯಾಂಟೀನಿನ ವೆಂಕೋಬರಾಯರ ಹಾಗಲಕಾಯಿ ಗೊಜ್ಜು ಹೋಗಿತ್ತು. ಮೂವತ್ತು ವರ್ಷ ಮಾಡಿದ ಗೊಜ್ಜು. ಮೆಹರ್ ಮೂರು ಸಲ ಓದಿದಳು. ರಾಯರು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಾ, 'ಯಾವುದೋ ಕಾಯಿ ಅಂದ್ಯಲ್ಲಮ್ಮ, ಯಾವ್ದು?' ಅಂತ ಕೇಳಿದರು. ಅಷ್ಟೇ ಸಾಕ್ಷಿ.

ಮುಂದಿನದಕ್ಕೆ ಮೂರು ದಿನ ಗಡುವು. ಮೂರನೆಯ ದಿನ ನಾಲ್ಕು ಗಂಟೆಗೆ ಅದು ಜಗಲಿಯಿಂದ ತಾನಾಗಿ ಇಳಿಯುತ್ತದೆ. ಇಳಿದರೆ ಒಡೆಯನಿಗೆ ವಾಪಸ್, ಹಾಕಿದವರ ತಲೆಯಲ್ಲಿ ಇನ್ನಿಲ್ಲ. ನಡುವೆ ನೋಡಿದ ಜನಕ್ಕೆ ಏನೂ ಆಗುವುದಿಲ್ಲ, ನೋಡಿ ಮರೆಯುವುದು ಅವರಿಗೆ ಮೊದಲಿನಿಂದ ಅಭ್ಯಾಸ. ಒಡೆಯನಿಗೆ ಬೇಡ ಅನ್ನಿಸಿದರೆ ಗಡುವಿನೊಳಗೆ ಒಪ್ಪಿಗೆ ಪತ್ರಕ್ಕೆ ರುಜು ಹಾಕಬಹುದು. ಆಗ ಅದು ಹಾಕಿದವರಿಗೇ ಉಳಿಯುತ್ತದೆ, ಒಡೆಯನಿಗೆ ಇನ್ನೆಂದೂ ಸಿಗುವುದಿಲ್ಲ. ಹಾಕಿದವರು ತಾವಾಗಿ ತೆಗೆಯಲು ಬರುವುದಿಲ್ಲ. ಜಗಲಿಯಲ್ಲಿ ಹಾಕುವ ಬಟನ್ನು ಮಾತ್ರ ಇದೆ. ಹನ್ನೊಂದು ವರ್ಷದಲ್ಲಿ ನಾನು ಒಂದೇ ಒಂದು ತಪ್ಪು ತೀರ್ಪು ಕೊಟ್ಟಿಲ್ಲ ಅಂತ ಎದೆ ತಟ್ಟಿ ಹೇಳುತ್ತಿದ್ದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ದೀಪಕ್ಕೆ ಹೇಗೆ ಕಾಣಬೇಕು?

ನಾಲ್ಕು ತಿಂಗಳಿಂದ ಜಗಲಿಯ ಮೇಲೆ ಒಂದು ಮಾತು ಓಡಾಡುತ್ತಿತ್ತು. 'ಹಿತ್ತಲ ಬಾಗಿಲು' ಅನ್ನುವ ಹೆಸರಿನಲ್ಲಿ ಯಾರೋ ಹಾಕಿದ್ದು, ಎರಡೇ ಸಾಲು. ಊರೆಲ್ಲಾ ಅದೇ. ಟೀ ಅಂಗಡಿಯ ಗೋಡೆಗೆ ಬರೆಸಿದರು, ಆಟೋ ಹಿಂದೆ ಅಂಟಿಸಿದರು. ಸಾವಿನ ಮನೆಗೆ ಹೋದವರು ಅದನ್ನೇ ಹೇಳಿ ಬರತೊಡಗಿದರು. ನನಗೆ ಮಾತ್ರ ಅದರಲ್ಲಿ ಏನಿದೆ ಅಂತ ತಿಳಿಯಲಿಲ್ಲ. ಓದಿ ಮುಗಿಸುವಷ್ಟರಲ್ಲಿ ಏನು ಓದಿದೆ ಅನ್ನುವುದೇ ಹೊಳೆಯುತ್ತಿರಲಿಲ್ಲ. ಗಟ್ಟಿಯಿಲ್ಲದ ಬರವಣಿಗೆ ಹೀಗೇ ಇರುತ್ತದೆ ನೋಡು ಅಂತ ಮೆಹರ್‌ಗೆ ಪಾಠ ಬೇರೆ ಹೇಳಿದ್ದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ್ದಳು. ಹುಡುಗಿಗೆ ಸಾಹಿತ್ಯ ಗೊತ್ತಿಲ್ಲ ಅಂದುಕೊಂಡೆ.

ಮಂಗಳವಾರ ಹನ್ನೊಂದು ಗಂಟೆಗೆ ಮೆಹರ್ ಒಂದು ಅರ್ಜಿಯನ್ನು ಎದೆಗೆ ಅವಚಿಕೊಂಡು ಬಂದು ನನ್ನ ಮೇಜಿನ ಮುಂದೆ ನಿಂತಳು.

'ಸಾರ್, ಒಂದು ದೂರು ಬಂದಿದೆ. ದೂರು ಕೊಟ್ಟೋರೂ ಹಾಕಿದೋರೂ ಒಬ್ರೇ.'

'ತಲೆ ಕೆಟ್ಟಿರ್ಬೇಕು ಅವರಿಗೆ. ಕಳ್ಳ ತಾನೇ ಬಂದು ಪೊಲೀಸ್ ಸ್ಟೇಷನ್ ಬಾಗಿಲು ತಟ್ಟಿದ ಹಾಗಾಯ್ತು. ಯಾರಮ್ಮ ಅದು?'

ಅವಳು ಅರ್ಜಿಯನ್ನು ನನ್ನ ಕಡೆ ತಿರುಗಿಸಿ ಇಟ್ಟಳು. ಹಾಕಿದವರು: ಸುವರ್ಣಾ. ದೂರು ಕೊಟ್ಟ ನೆನಪುದಾರರು: ಸುವರ್ಣಾ. ಕಳೆದುಕೊಂಡವರ ಹೆಸರು ಅನ್ನುವ ಜಾಗದಲ್ಲಿ, ನನ್ನ ಹೆಂಡತಿಯ ದುಂಡನೆಯ ಅಕ್ಷರದಲ್ಲಿ, ನನ್ನ ಹೆಸರಿತ್ತು.

ನಾನು ನಕ್ಕೆ. ಯಾಕೆ ನಕ್ಕೆನೋ ಗೊತ್ತಿಲ್ಲ. ಆಮೇಲೆ ಮನಸ್ಸಿನಲ್ಲೇ ಮನೆಯನ್ನು ತಡಕಾಡಿದಂತೆ ತಡಕಾಡಿದೆ. ಅಮ್ಮನ ಹೆಸರು ನೆನಪಿತ್ತು. ಹದಿನಾರರ ಮಗ್ಗಿ ಬಂತು. ಸ್ಕೂಲಿನ ಪ್ರಾರ್ಥನೆ ಬಂತು. ಸೈಕಲ್ ಕಲಿಸಿದ ಚಿಕ್ಕಪ್ಪನ ಬೈಗುಳ ಸಹ ಒಂದೂ ಬಿಡದೆ ಬಂತು. ಎಲ್ಲಾ ಇದೆಯಲ್ಲ, ಮತ್ತೇನು ಹೋಯಿತು? ಹೋಗಿದ್ದನ್ನು ಹುಡುಕುವವನಿಗೆ ಇದ್ದದ್ದೇ ಸಿಗುತ್ತದೆ. ಇಷ್ಟು ವರ್ಷ ಎದುರಿನ ಕುರ್ಚಿಯಲ್ಲಿ ಕೂತು ಕಣ್ಣು ಮಿಟುಕಿಸುತ್ತಿದ್ದವರ ಪಾಡು ನನಗೆ ಅವತ್ತು ಅರ್ಥವಾಯಿತು.

'ಓದ್ಲಾ ಸಾರ್?' ಅಂದಳು ಮೆಹರ್.

'ಓದು. ನಿಯಮ ಅಂದ್ರೆ ನಿಯಮ.'

ಅವಳು ಓದಿದಳು. ಒಂದು ಸಲ, ಎರಡು ಸಲ, ಮೂರು ಸಲ. ಕಿವಿಗೆ ಬಿತ್ತು, ಅದು ನಿಜ. ಕನ್ನಡವೇ, ಸಣ್ಣ ಸಣ್ಣ ಪದಗಳೇ. ಎರಡನೆಯ ಪದ ಬರುವಷ್ಟರಲ್ಲಿ ಮೊದಲನೆಯದು ಇರುತ್ತಿರಲಿಲ್ಲ. ಜರಡಿಯಲ್ಲಿ ನೀರು ಹಿಡಿದ ಹಾಗೆ.

'ಈಗ ನೀವು ಹೇಳಿ ಸಾರ್.'

ಬಾಯಿ ತೆರೆದೆ. ಏನೂ ಬರಲಿಲ್ಲ. 'ಏನೋ ಹೋದ್ರೆ ಹೋಗ್ಲಿ ಅಂತ...' ಅಂದೆ. ಅಷ್ಟರಲ್ಲಿ ಅದೂ ಹೋಯಿತು. ಮೆಹರ್ ಕಣ್ಣು ಒರೆಸಿಕೊಂಡು ಅರ್ಜಿಯ ಮೇಲೆ ಮುದ್ರೆ ಒತ್ತಿದಳು. ಮುದ್ರೆಯ ಪಕ್ಕದಲ್ಲೇ 'ಹಿತ್ತಲ ಬಾಗಿಲು' ಅಂತ ಬರೆದಿತ್ತು. ಊರೆಲ್ಲಾ ಓಡಾಡಿದ ಆ ಗಟ್ಟಿಯಿಲ್ಲದ ಬರವಣಿಗೆ ನನ್ನದೇ ಆಗಿತ್ತು.

ಇಲ್ಲಿ ನಾನು ಎರಡು ಸಾಲಿನ ಜಾಗ ಬಿಟ್ಟಿದ್ದೆ. ಓದುವವರಿಗಾದರೂ ಗೊತ್ತಾಗಲಿ ಅಂತ ಮೆಹರ್ ತನ್ನ ಕೈಯಲ್ಲಿ ತುಂಬಿಸಿ ಕೊಟ್ಟಿದ್ದಾಳೆ:

'ನೀನು ಅಳು. ನಾನು ಛತ್ರಿ ಹಿಡ್ಕೊಂಡಿರ್ತೀನಿ. ಬಸ್ಸು ಹೋದ್ರೆ ಹೋಗ್ಲಿ, ಇನ್ನೊಂದು ಬರತ್ತೆ.'

ಮೇಲೆ ಏನೋ ಬರೆದಿದೆ ಅನ್ನುವುದು ನನಗೆ ಕಾಣುತ್ತದೆ. ಅದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡಿ.

ಅವತ್ತು ಮನೆಗೆ ಹೋದಾಗ ಸುವರ್ಣ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದಳು. ನಾನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, 'ಏನೇ ಇದು?' ಅಂದೆ. ಕೋಪ ಬಂದಿತ್ತು. ಕೋಪವೋ ಭಯವೋ ಈಗ ಹೇಳಲಾರೆ.

'ಗೊತ್ತಾಯ್ತಾ? ಕೂತ್ಕೊಳಿ, ಹೇಳ್ತೀನಿ,' ಅಂದಳು.

ಅವಳು ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ನಿಂತದ್ದು ಇಷ್ಟು. ಮದುವೆಯಾದ ಆರು ವರ್ಷದಲ್ಲಿ ನಮಗೆ ಮೂರು ಮಕ್ಕಳು ಹೊಟ್ಟೆಯಲ್ಲೇ ಹೋದವು. ಮೂರನೆಯದು ಹೋದಾಗ, ಇನ್ನು ಆಸೆ ಇಟ್ಟುಕೊಳ್ಳಬೇಡಿ ಅಂತ ಡಾಕ್ಟರು ಹೇಳಿ ಕಳಿಸಿದ ಮಧ್ಯಾಹ್ನ, ಬಸ್ ಸ್ಟಾಪಿನಲ್ಲಿ ನಾನು ಅವಳಿಗೆ ಒಂದು ಮಾತು ಹೇಳಿದ್ದೆನಂತೆ. ಆಸ್ಪತ್ರೆಯ ಮೆಟ್ಟಿಲು ನನಗೆ ನೆನಪಿದೆ. ಸಂಜೆ ಮನೆಯ ಬೀಗ ತೆಗೆದದ್ದು ನೆನಪಿದೆ. ನಡುವೆ ಏನೂ ಇಲ್ಲ. ಬಿಸಿಲಿತ್ತೋ ಮೋಡವಿತ್ತೋ ಅದೂ ಇಲ್ಲ. ಆಮೇಲೆ ತಿಂಗಳುಗಟ್ಟಲೆ ಮಲಗಿಬಿಡುತ್ತಾಳೆ ಅಂತ ನಾನು ಹೆದರಿದ್ದೆ. ಅವಳು ಮಲಗಲಿಲ್ಲ, ಒಂದು ವಾರಕ್ಕೆ ಎದ್ದಳು. ಗಟ್ಟಿಗಿತ್ತಿ ಅಂದುಕೊಂಡಿದ್ದೆ.

'ಆ ಮಾತು ಹಿಡ್ಕೊಂಡೇ ಎದ್ದಿದ್ದು ನಾನು,' ಅಂದಳು. 'ನಾಲ್ಕು ತಿಂಗಳ ಹಿಂದೆ ನಮ್ಮಕ್ಕ ತೀರ್ಕೊಂಡಳಲ್ಲ, ಮೂರನೇ ದಿನ ಅದೊಂದೇ ತಲೇಲಿ. ನನ್ನ ಹಾಗೆ ಇನ್ಯಾರಾದ್ರೂ ಇರ್ತಾರೆ, ಅವರಿಗೂ ಆಗ್ಲಿ ಅಂತ ಹಾಕ್ದೆ.'

'ನನ್ನದು ಅಂತ ಗೊತ್ತಿದ್ದೂ ಹಾಕ್ದ್ಯಾ? ದೂರು ಅಧಿಕಾರಿ ಹೆಂಡತಿಯಾಗಿ? ಬೇಲೀನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲೇ.'

'ನಿಮ್ಮದು ಅಂತ ಯಾಕೆ ಅಂದ್ಕೊಳ್ಳಿ? ನನಗೆ ಹೇಳಿದ್ದು, ನನ್ನದು ಅಂದ್ಕೊಂಡೆ.'

'ಹೇಳಿಸಿಕೊಂಡವರದಲ್ಲ, ಹೇಳಿದವರದು. ಕಾಗದ ಬರೆದವನದು, ತಲುಪಿದವರದಲ್ಲ. ಇಪ್ಪತ್ತು ದೂರಿಗೆ ಇದೇ ತೀರ್ಪು ಕೊಟ್ಟಿದ್ದೀನಿ.'

'ಹಾಗಾದ್ರೆ ನೀವು ಕೊಡಿಸಿದ ಸೀರೆನೂ ನಿಮ್ಮದಾ? ಉಟ್ಕೊಂಡು ಹೋಗಿ ಆಫೀಸಿಗೆ.'

ಚಪ್ಪಲಿ ಬಿಟ್ಟು ಬಂದು ಅವಳೆದುರು ಕೂತೆ, ಸುಮ್ಮನೆ ಒಂದು ಹುರುಳಿಕಾಯಿ ತೆಗೆದುಕೊಂಡೆ.

ಅವಳು ನಾರು ತೆಗೆಯುತ್ತಲೇ ಹೇಳಿದಳು. 'ಅಕ್ಕನ ಹನ್ನೊಂದನೇ ದಿನ ಹಿತ್ತಲಲ್ಲಿ ಕೂತು ಅಳ್ತಾ ಇದ್ದೆ. ನೀವು ಬಂದ್ರಿ. ಬಂದು, ಗ್ಯಾಸ್ ಬುಕ್ ಮಾಡಿದ್ಯಾ ಅಂತ ಕೇಳಿದ್ರಿ. ಅಷ್ಟೇ ಕೇಳಿ ಒಳಗೆ ಹೋದ್ರಿ. ಅವತ್ತಿಂದ ನಿಮ್ಮ ಮುಖ ನೋಡೋಕೂ ಮನಸ್ಸಿರ್ಲಿಲ್ಲ ನಂಗೆ. ಕಲ್ಲಾಗಿಬಿಟ್ರು ಇವರು ಅಂದ್ಕೊಂಡೆ. ಹೋದ ವಾರ ಬ್ಯಾಂಕಲ್ಲಿ ನಮ್ಮ ಮುಂದೆ ನಿಂತಿದ್ದೋಳು ಫೋನಲ್ಲಿ ಯಾರಿಗೋ ಆ ಮಾತು ಹೇಳಿದ್ಲು. ನೀವು ಅವಳನ್ನ ಹೇಗೆ ನೋಡಿದ್ರಿ ಅಂದ್ರೆ, ಯಾವ್ದೋ ಬೇರೆ ದೇಶದ ಭಾಷೆ ಕೇಳಿದೋರ ಹಾಗೆ. ಆಗ ಎದೆ ಧಸಕ್ಕಂತು. ನಾನೇ ಕಿತ್ಕೊಂಡಿದ್ದೀನಿ ಇವರಿಂದ ಅಂತ.'

ಗ್ಯಾಸಿನ ವಿಷಯ ನನಗೆ ಚೆನ್ನಾಗಿ ನೆನಪಿತ್ತು. ಅವಳು ಅಳುವುದನ್ನು ಕಂಡು ಕೈಕಾಲು ಆಡದೆ, ಬಾಯಿಗೆ ಬಂದದ್ದನ್ನು ಕೇಳಿ ಓಡಿಹೋಗಿದ್ದೆ. ಓಡಿಹೋದವನು ಒಳಗೆ ನಿಂತು ಕ್ಯಾಲೆಂಡರ್ ನೋಡಿದ್ದೆ. ನನಗೆ ನಾಚಿಕೆಯಾಯಿತು.

'ಇಳೀಲಿ ಅದು,' ಅಂದಳು. 'ನಿಮ್ಮದು ನಿಮಗೆ ಬರ್ಲಿ. ನನಗೆ ನನ್ನ ಗಂಡ ವಾಪಸ್ ಬೇಕು.'

'ಇಳಿದ್ರೆ ನಿನ್ನ ಹತ್ರ ಇರಲ್ಲ.'

'ಗೊತ್ತು ರೀ. ಹನ್ನೊಂದು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ನಿಮ್ಮ ಆಫೀಸಿನ ನಿಯಮಾನೇ ಕೇಳ್ತಿದ್ದೀನಿ.'

ಬುಧವಾರ ಒಂದು ಕಡತವನ್ನೂ ತೆರೆಯಲಿಲ್ಲ. ನನ್ನ ದೂರನ್ನು ನಾನೇ ವಿಚಾರಿಸುವ ಹಾಗಿಲ್ಲ, ಬೇರೆ ಅಧಿಕಾರಿ ಇಲ್ಲ. ಏನೂ ಮಾಡದಿದ್ದರೆ ಗುರುವಾರ ನಾಲ್ಕಕ್ಕೆ ಅದು ಇಳಿಯುತ್ತದೆ. ನನಗೆ ಆ ಮಾತು ಬರುತ್ತದೆ, ಅದರ ಜೊತೆ ಆ ಮಧ್ಯಾಹ್ನವೂ ಬರಬಹುದು. ಅಳುವ ಹೆಂಡತಿಯ ಮುಂದೆ ಏನು ಹೇಳಬೇಕು ಅಂತ ಗೊತ್ತಿದ್ದ ಒಬ್ಬ ಮನುಷ್ಯ ನಾನಾಗಿದ್ದೆನಂತೆ. ಅವನನ್ನು ನೋಡಬೇಕು ಅನ್ನುವ ಆಸೆ ನನಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅವಳು ಏನನ್ನು ಹಿಡಿದು ಎದ್ದಳೋ ಅದು ಅವಳ ಕೈಯಿಂದ ಹೋಗುತ್ತದೆ. ಹೋದ ಮೇಲೆ ಆ ಹಳೆಯ ಮಧ್ಯಾಹ್ನ ಅವಳ ಪಾಲಿಗೆ ಬರೀ ಆಸ್ಪತ್ರೆಯ ಮೆಟ್ಟಿಲು ಮತ್ತು ಮನೆಯ ಬೀಗ ಆಗಿ ಉಳಿಯುತ್ತದೆ, ನನಗೆ ಈಗ ಇರುವ ಹಾಗೆ. ಅತ್ತ ದರಿ ಇತ್ತ ಪುಲಿ. ಎಷ್ಟು ಯೋಚಿಸಿದರೂ ನನ್ನದು ಅಂದರೆ ಯಾವುದು, ಅವಳದು ಅಂದರೆ ಯಾವುದು ಅನ್ನುವುದು ಬಗೆಹರಿಯಲಿಲ್ಲ.

'ನೀನಾಗಿದ್ರೆ ಏನ್ ಮಾಡ್ತಿದ್ದೆಯಮ್ಮ?' ಅಂತ ಮೆಹರ್‌ನ ಕೇಳಿದೆ.

'ನನ್ನ ಕೇಳ್ಬೇಡಿ ಸಾರ್,' ಅಂದಳು. 'ನಮ್ಮಪ್ಪ ಹೋದಾಗ ನಮ್ಮಮ್ಮಂಗೆ ನಾನೂ ಅದೇ ಮಾತು ಹೇಳಿದ್ದು. ಯಾರದ್ದು ಅಂತ ಗೊತ್ತಿಲ್ದೇನೇ ಹೇಳ್ದೆ.' ಆಮೇಲೆ ಒಪ್ಪಿಗೆ ಪತ್ರದ ಒಂದು ಖಾಲಿ ಹಾಳೆ ತಂದು ನನ್ನ ಮೇಜಿನ ಮೇಲೆ ಮಗುಚಿ ಇಟ್ಟಳು. 'ಇರ್ಲಿ ಅಂತ ಅಷ್ಟೇ.'

ಗುರುವಾರ ಮೂರು ಗಂಟೆಗೆ ಸುವರ್ಣ ಆಫೀಸಿಗೆ ಬಂದಳು. ನಾನು ರುಜು ಹಾಕದ ಹಾಗೆ ಕಾಯಲು ಬಂದಿದ್ದಳು. ದೂರುದಾರರ ಕುರ್ಚಿಯಲ್ಲಿ ಕೂತ ರೀತಿಯಲ್ಲೇ ಅದು ಗೊತ್ತಾಯಿತು. ಮಡಿಲಲ್ಲಿ ಚೀಲ, ಚೀಲದ ಮೇಲೆ ಎರಡೂ ಕೈ. ಮೆಹರ್ ನೀರು ತಂದಿಟ್ಟು, 'ಬೇರೆ ಏನಾದ್ರೂ ತರ್ಲಾ ಅಕ್ಕ?' ಅಂತ ಕೇಳಿ, ಕಂಪ್ಯೂಟರ್ ಮುಂದೆ ಹೋಗಿ ಕೂತಳು.

'ಒಂದು ಪ್ರಶ್ನೆ ಇದೆ,' ಅಂದೆ. ಗೊತ್ತಿಲ್ಲದೆಯೇ ಆಫೀಸಿನ ದನಿ ಬಂದುಬಿಟ್ಟಿತ್ತು. 'ಅದು ಹೋದ್ರೆ ನಿನಗೆ ಹೇಗಾಗತ್ತೆ?'

'ಏನೂ ಆಗಲ್ಲ. ಹೋಗಿದ್ದೇ ಗೊತ್ತಾಗಲ್ಲ ಅಲ್ವಾ? ಗೊತ್ತಾಗದೆ ಇದ್ರೆ ನೋವೆಲ್ಲಿ ಬಂತು.'

'ಸರಿ ಹಾಗಾದ್ರೆ,' ಅಂದೆ.

'ಸರಿ,' ಅಂದಳು.

ಮೂರೂವರೆ ಆಯಿತು. ಫ್ಯಾನು ತಿರುಗುತ್ತಿತ್ತು. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮೊದಲು ನಾನು ಗಮನಿಸಲಿಲ್ಲ. ಆಮೇಲೆ ನೋಡಿದೆ: ಅವಳ ತುಟಿ ಆಡುತ್ತಿತ್ತು. ದನಿ ಇಲ್ಲ. ಅದೇ ಅಷ್ಟು, ನಿಲ್ಲುತ್ತದೆ, ಮತ್ತೆ ಮೊದಲಿಂದ ಅದೇ ಅಷ್ಟು. ಪರೀಕ್ಷೆಯ ಹಾಲಿಗೆ ಹೋಗುವ ಮುಂಚೆ ಮಕ್ಕಳು ಪಾಠ ಹೇಳಿಕೊಳ್ಳುತ್ತಾರಲ್ಲ, ಹಾಗೆ. ಗಡಿಯಾರ ನೋಡುತ್ತಾಳೆ, ಮತ್ತೆ ಹೇಳಿಕೊಳ್ಳುತ್ತಾಳೆ. ಇನ್ನು ಅರ್ಧ ಗಂಟೆಗೆ ಎಷ್ಟು ಸಲ ಹೇಳಿಕೊಳ್ಳಲು ಆಗುತ್ತದೋ ಅಷ್ಟು ಸಲ. ನನ್ನ ಮಾತನ್ನು ಇಷ್ಟು ಆಸೆಯಿಂದ ಯಾರಾದರೂ ಇಟ್ಟುಕೊಂಡಿರಬಹುದು ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ಮಗುಚಿಟ್ಟ ಹಾಳೆಯನ್ನು ತಿರುಗಿಸಿ ರುಜು ಹಾಕಿದೆ. ಮೂರು ಐವತ್ತು ಅಂತ ವೇಳೆಯನ್ನೂ ಬರೆದೆ. ಮೆಹರ್ ಬಂದು ತೆಗೆದುಕೊಂಡು ಹೋಗಿ ಕಂಪ್ಯೂಟರ್‌ನಲ್ಲಿ ಏನೋ ಒತ್ತಿದಳು. ಸುವರ್ಣ ತಿರುಗಿ ನೋಡುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

'ಏನ್ ಮಾಡಿದ್ರಿ?'

'ನಿನ್ನ ಹತ್ರಾನೇ ಇರ್ಲಿ. ನನ್ನ ಹತ್ರ ಇದ್ದಾಗ ಅದನ್ನ ನಾನು ಏನು ಮಾಡಿದ್ದೆ? ಒಂದು ಸಲ ಹೇಳಿದ್ದೆ, ಅಷ್ಟೇ.'

'ನಿಮ್ಮನ್ನ ಯಾರು ಕೇಳಿದ್ರು?' ಅಂದಳು. 'ನಾಲ್ಕು ತಿಂಗಳು ಕಾದಿದ್ದೀನಿ ನಾನು. ಇನ್ನೂ ಎಷ್ಟು ದಿನ ಕಲ್ಲಿನ ಜೊತೆ ಸಂಸಾರ ಮಾಡ್ಲಿ?' ಚೀಲ ಎತ್ತಿಕೊಂಡು ಹೋಗಿಬಿಟ್ಟಳು. ಮೆಟ್ಟಿಲಿಳಿಯುವ ಸದ್ದು ಕೊನೆಯವರೆಗೆ ಕೇಳಿಸಿತು. ಹನ್ನೊಂದು ವರ್ಷದಲ್ಲಿ ಇದೊಂದೇ ತಪ್ಪು ತೀರ್ಪೋ, ಇದೊಂದೇ ಸರಿಯಾದ್ದೋ, ನನಗೆ ಹೇಳುವವರು ಯಾರೂ ಇರಲಿಲ್ಲ.

ಐದೂಕಾಲಿಗೆ ಮನೆಗೆ ಹೋದೆ. ಮುಂಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅಳುತ್ತಿದ್ದಳು. ಅಕ್ಕನಿಗಾಗಿ ಅಳುತ್ತಿದ್ದಳೋ, ನನ್ನ ಮೇಲಿನ ಸಿಟ್ಟಿಗೋ, ಹುಟ್ಟದೇ ಹೋದ ಮೂವರಿಗೋ, ಯಾರು ಕಂಡರು. ಇಷ್ಟು ಗಟ್ಟಿಯಾಗಿ ಅವಳು ಅತ್ತದ್ದನ್ನು ನಾನು ಕೇಳಿರಲಿಲ್ಲ. ಕೇಳಿದ್ದೆನೋ ಏನೋ.

ನಾನು ಹೊಸ್ತಿಲಲ್ಲಿ ನಿಂತೆ. ಒಳಗೆ ಹೋಗಲು ಕಾಲು ಎಳೆಯಿತು. ಹಾಲು ಬಂತಾ ಅಂತ ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಹಲ್ಲು ಕಚ್ಚಿ ತಡೆದೆ. ಬೇರೆ ಯಾವ ಮಾತೂ ಬರಲಿಲ್ಲ. ಬರುತ್ತದೇನೋ ಅಂತ ಕಾದೆ. ಇಲ್ಲ. ಕೊನೆಗೆ ಹತ್ತಿರ ಹೋಗಿ ಅವಳ ಮುಂದೆ ನಿಂತುಕೊಂಡೆ.

'ಸುವರ್ಣ,' ಅಂದೆ. 'ಏನ್ ಮಾಡ್ಬೇಕೋ ನಂಗೆ ಗೊತ್ತಾಗ್ತಿಲ್ಲ ಕಣೆ. ನೀನೇ ಹೇಳು.'

ಅವಳ ಅಳು ನಿಂತಿತು. ತಲೆಯೆತ್ತಿ ನೋಡಿದಳು. ಕೆಂಪಾದ ಕಣ್ಣು, ಹಣೆಗೆ ಅಂಟಿದ ಕೂದಲು. ತುಂಬಾ ಹೊತ್ತು ನೋಡಿದಳು, ನಾಲ್ಕು ತಿಂಗಳಿಂದ ನೋಡದೆ ಇದ್ದದ್ದನ್ನೆಲ್ಲಾ ಸೇರಿಸಿ ನೋಡುವ ಹಾಗೆ. ಆಮೇಲೆ ಕಲ್ಲಿನ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿದಳು.

'ಅವತ್ತು ಬಸ್ ಸ್ಟಾಪಲ್ಲೂ ಮೊದಲು ಇದನ್ನೇ ಅಂದಿದ್ರಿ,' ಅಂದಳು. 'ಇದನ್ನ ನಾನು ಜಗಲಿಗೆ ಹಾಕಿರ್ಲಿಲ್ಲ.'